ಅಂಜಿಕೆ ಎರಡು ಸಲ, ನಾಚಿಕೆ ಒಂದು ಸಲ: ಪರೀಕ್ಷೆಯಲ್ಲಿ ಪದ್ಯದ ಮೇಲೆ ಬರೆಯುವುದು

(ಹಾಸನದ ಕಾಲೇಜೊಂದರಲ್ಲಿ ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗಾಗಿ ಒಂದು ಶನಿವಾರ ಮಧ್ಯಾಹ್ನ ಮಾಡಿದ ಉಪನ್ಯಾಸದ ಬರಹ ರೂಪ. ಸಮಯ ಸಾಲದೆ ಅಂದು ಬಿಟ್ಟುಹೋದ ಒಂದೆರಡು ಮಾತುಗಳನ್ನು ಸೇರಿಸಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರವನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೌಲ್ಯಮಾಪನ ಕೇಂದ್ರದ ಒಂದು ಬೆಳಗಿನಿಂದ ಮಾತು ಶುರು ಮಾಡುತ್ತೇನೆ. ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಕಟ್ಟು. ಅಕ್ಕಮಹಾದೇವಿಯ ಒಂದು ವಚನವನ್ನು ಕೊಟ್ಟು ವಿಶ್ಲೇಷಿಸಿ ಎಂದು ಕೇಳಿದ್ದರು. ಮೊದಲ ಪತ್ರಿಕೆ ತೆರೆದೆ. ‘ಅಕ್ಕಮಹಾದೇವಿಯು ಹನ್ನೆರಡನೆಯ ಶತಮಾನದ ಶ್ರೇಷ್ಠ ವಚನಕಾರ್ತಿ. ಈಕೆ ಉಡುತಡಿಯಲ್ಲಿ ಜನಿಸಿದಳು’ ಎಂದು ಆರಂಭವಾಗಿತ್ತು. ಎರಡನೆಯದನ್ನು ತೆರೆದೆ, ಅದೇ ಎರಡು ವಾಕ್ಯ. ಮೂರನೆಯದು, ನಾಲ್ಕನೆಯದು, ಐದನೆಯದು, ಎಲ್ಲವೂ ಹಾಗೆಯೇ. ಕೌಶಿಕ ರಾಜನ ಕಥೆ, ಕಲ್ಯಾಣಕ್ಕೆ ಹೋದ ಕಥೆ, ಕದಳೀವನದ ಕಥೆ ಮುಗಿಯುವಷ್ಟರಲ್ಲಿ ಎರಡು ಪುಟ ತುಂಬಿರುತ್ತಿತ್ತು. ಆಮೇಲೆ ವಚನದ ಸಾರಾಂಶ ಅರ್ಧ ಪುಟ. ‘ಹೀಗೆ ಅಕ್ಕ ಜೀವನದ ಮೌಲ್ಯಗಳನ್ನು ಬಹಳ ಸುಂದರವಾಗಿ ಹೇಳಿದ್ದಾಳೆ’ ಎಂಬ ಮಂಗಳ. ಮುಗಿಯಿತು.

ಬರೆದವರು ದಡ್ಡರಲ್ಲ. ಅಕ್ಷರ ಮುತ್ತಿನಂತಿತ್ತು, ವಾಕ್ಯದಲ್ಲಿ ತಪ್ಪಿರಲಿಲ್ಲ, ಓದಿದ್ದನ್ನು ನೆನಪಿಟ್ಟುಕೊಂಡ ಶ್ರಮ ಪ್ರತಿ ಸಾಲಿನಲ್ಲೂ ಕಾಣುತ್ತಿತ್ತು. ನನಗೆ ನೋವಾದದ್ದೇ ಅದಕ್ಕೆ. ಇಷ್ಟು ದುಡಿದ ಮಕ್ಕಳಿಗೆ, ಪದ್ಯದ ಹತ್ತಿರ ಹೋಗಿ ನಿಲ್ಲಬಹುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲರೂ ಅದರ ಸುತ್ತ ಪ್ರದಕ್ಷಿಣೆ ಹಾಕಿ ಹೊರಗಿನಿಂದಲೇ ಕೈಮುಗಿದು ಬಂದಿದ್ದರು.

ನಾನೂ ಹೀಗೆಯೇ ಬರೆಯುತ್ತಿದ್ದೆ. ಬಿ.ಎ. ಓದುವಾಗ ಒಂದು ಕಿರುಪರೀಕ್ಷೆಯಲ್ಲಿ ಕವಿಯ ಕಾಲ, ದೇಶ, ಕೃತಿ, ಬಿರುದು ಎಲ್ಲವನ್ನೂ ನಾಲ್ಕು ಪುಟ ತುಂಬಿಸಿ ಕೊಟ್ಟಿದ್ದೆ. ನಮ್ಮ ಗುರುಗಳು ಕೊನೆಯ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಪದ್ಯ ಎಲ್ಲಿ?’ ಎಂದು ಎರಡೇ ಮಾತು ಬರೆದಿದ್ದರು. ಅಂದು ಅತ್ತಿದ್ದೆ. ಇಂದು ನಿಮ್ಮೆದುರು ನಿಂತಿರುವುದು ಆ ಎರಡು ಮಾತಿನ ಬಲದಿಂದ.

ಇವತ್ತಿನ ಮಾತಿಗೆ ಆ ಬೆಳಗಿನ ವಚನವನ್ನೇ ಎತ್ತಿಕೊಳ್ಳುತ್ತೇನೆ. ನಿಮಗೆಲ್ಲ ಬಾಯಿಪಾಠ ಇರುವಂಥದ್ದು, ಆದ್ದರಿಂದಲೇ ಅದು ಬೇಕು.

‘ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದೊಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆತೆರೆಗಳಿಗಂಜಿದೊಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದೊಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವಾ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ ಸ್ತುತಿನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು.’

ಮೊದಲು ಗಟ್ಟಿಯಾಗಿ ಓದಿ. ಒಂದಲ್ಲ, ಎರಡು ಸಲ. ನಮ್ಮ ಕಡೆ ಇದೇನೂ ಹೊಸದಲ್ಲ. ಕಡೂರು ತಾಲ್ಲೂಕಿನ ದೇವನೂರು ಇಲ್ಲಿಂದ ದೂರವಿಲ್ಲ. ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶನ ಊರು ಅದು. ಆ ಕಾವ್ಯವನ್ನು ಜನ ಶತಮಾನಗಳ ಕಾಲ ಕಿವಿಯಿಂದಲೇ ಓದಿದರು. ಮಳೆಗಾಲದ ರಾತ್ರಿ ಒಬ್ಬರು ರಾಗವಾಗಿ ವಾಚನ ಮಾಡುವುದು, ಇನ್ನೊಬ್ಬರು ನಿಲ್ಲಿಸಿ ನಿಲ್ಲಿಸಿ ವ್ಯಾಖ್ಯಾನ ಮಾಡುವುದು. ಗಮಕದ ಈ ಜೋಡಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಒಳ್ಳೆಯ ವ್ಯಾಖ್ಯಾನಕಾರರು ಇಡೀ ಪದ್ಯದ ಸಾರವನ್ನು ಒಂದೇ ಉಸಿರಿಗೆ ಹೇಳಿಬಿಡುವುದಿಲ್ಲ. ‘ಇಲ್ಲಿ ಕವಿ ಈ ಮಾತನ್ನೇ ಏಕೆ ಹಾಕಿದ?’ ಎಂದು ಒಂದು ಪದದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಕೇಳುವವರೂ ಅವರ ಜೊತೆಗೆ ನಿಲ್ಲುತ್ತಾರೆ. ಪರೀಕ್ಷೆಯಲ್ಲಿ ನೀವು ಮಾಡಬೇಕಾದದ್ದೂ ಅದನ್ನೇ. ವಾಚನ ನಿಮ್ಮ ಮನಸ್ಸಿನಲ್ಲಿ, ವ್ಯಾಖ್ಯಾನ ಕಾಗದದ ಮೇಲೆ.

ಗಟ್ಟಿಯಾಗಿ ಓದಿದರೆ ಈ ವಚನದಲ್ಲಿ ಕಿವಿಗೆ ತಟ್ಟುವುದು ಏನು? ಮೂರು ಪ್ರಶ್ನೆ, ಮೂರಕ್ಕೂ ಒಂದೇ ಅಚ್ಚು. ‘ಮನೆಯ ಮಾಡಿ’ ಮೂರು ಸಲ, ‘ಎಂತಯ್ಯಾ’ ಮೂರು ಸಲ. ಈಗ ಕ್ರಿಯಾಪದಗಳನ್ನು ಮಾತ್ರ ಹೆಕ್ಕಿ ನೋಡಿ. ಮೃಗಗಳಿಗೆ ಅಂಜಿದೊಡೆ. ನೊರೆತೆರೆಗಳಿಗೆ ಅಂಜಿದೊಡೆ. ಶಬ್ದಕ್ಕೆ... ನಾಚಿದೊಡೆ.

ಮೂರನೆಯ ಸಲ ಮಾತು ಬದಲಾಗಿದೆ. ಅಂಜಿಕೆಯ ಜಾಗದಲ್ಲಿ ನಾಚಿಕೆ ಬಂದು ಕೂತಿದೆ.

ಆ ಕಟ್ಟಿನ ಪತ್ರಿಕೆಗಳಲ್ಲಿ ಬಹಳಷ್ಟು ಮಂದಿ ‘ಸಂತೆಯಲ್ಲಿ ಮನೆ ಮಾಡಿ ಶಬ್ದಕ್ಕೆ ಹೆದರಬಾರದು’ ಎಂದು ಬರೆದಿದ್ದರು. ಅಕ್ಕ ಹಾಗೆ ಹೇಳಿಲ್ಲ. ಹುಲಿಯ ಮುಂದೆ ಯಾರೂ ನಾಚುವುದಿಲ್ಲ, ಅಲೆಯ ಮುಂದೆಯೂ ನಾಚುವುದಿಲ್ಲ. ನಾಚಿಕೆ ಮನುಷ್ಯರ ಎದುರಿಗೆ ಮಾತ್ರ ಹುಟ್ಟುವ ಭಾವ. ಬೆಟ್ಟ, ಸಮುದ್ರ ದಾಟಿ ಸಂತೆಗೆ ಬರುತ್ತಿದ್ದಂತೆ ನಾವು ಪ್ರಕೃತಿಯನ್ನು ಬಿಟ್ಟು ಜನರ ನಡುವೆ ಬಂದಿದ್ದೇವೆ. ಸಂತೆಯ ಶಬ್ದವೆಂದರೆ ಬರಿಯ ಗದ್ದಲವಲ್ಲ, ಅದು ಜನರ ಬಾಯಿ. ಮುಂದಿನ ಸಾಲುಗಳಲ್ಲಿ ಬರಲಿರುವ ಸ್ತುತಿನಿಂದೆಗಳಿಗೆ ಈ ಒಂದು ‘ನಾಚಿದೊಡೆ’ ಬಾಗಿಲು ತೆರೆದಿಟ್ಟಿದೆ. ಜೀವಕ್ಕೆ ಬರುವ ಅಪಾಯದಿಂದ ಮಾನಕ್ಕೆ ಬರುವ ಅಪಾಯದ ಕಡೆಗೆ ವಚನ ನಡೆದುಬಂದಿದೆ, ಅದೂ ಒಂದೇ ಒಂದು ಕ್ರಿಯಾಪದವನ್ನು ಬದಲಿಸಿ.

ಇಷ್ಟನ್ನು ಬರೆದರೆ ನಿಮ್ಮ ಉತ್ತರ ಉಳಿದ ಪತ್ರಿಕೆಗಳಿಂದ ಬೇರೆಯಾಗಿಬಿಡುತ್ತದೆ. ಇದಕ್ಕೆ ದೊಡ್ಡ ಪಾಂಡಿತ್ಯ ಬೇಕಾಗಲಿಲ್ಲ, ಗೈಡ್ ಬೇಕಾಗಲಿಲ್ಲ. ಒಂದೇ ಅಚ್ಚಿನಲ್ಲಿ ಸಾಗುತ್ತಿದ್ದ ಮಾತು ಎಲ್ಲಿ ಅಚ್ಚು ಮುರಿಯಿತು ಎಂದು ನೋಡಿದೆವು, ಅಷ್ಟೇ.

ಈಗ ತರಗತಿಯಲ್ಲಿ ನಡೆದ ಒಂದು ಪ್ರಸಂಗ. ಇದೇ ವಚನವನ್ನು ಪಾಠ ಮಾಡುತ್ತಿದ್ದಾಗ ಆಲೂರು ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತ.

‘ಮೇಡಂ, ಇದನ್ನು ಒಪ್ಪುವುದು ಕಷ್ಟ.’

‘ಏಕಪ್ಪ?’

‘ನಮ್ಮ ಊರಿಗೆ ಆನೆ ಬರುತ್ತದೆ ಮೇಡಂ. ಸಂಜೆಯಾದ ಮೇಲೆ ನಮ್ಮ ಅವ್ವ ಹಿತ್ತಿಲಿಗೂ ಹೋಗುವುದಿಲ್ಲ. ಮೃಗಕ್ಕೆ ಅಂಜಿದರೆ ಹೇಗೆ ಎಂದು ಕೇಳಿದರೆ ಏನು ಹೇಳುವುದು? ಅಂಜದೆ ಇರುವುದು ಹೇಗೆ?’

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದ ಕಡೆಯವರಿಗೆ ಇದು ಪುಸ್ತಕದ ಮಾತಲ್ಲ. ತೋಟಕ್ಕೆ ಹೋದವರು ಮನೆಗೆ ಬರುವ ತನಕ ಜೀವ ಕೈಯಲ್ಲಿ ಹಿಡಿದುಕೊಂಡಿರುವ ಮನೆಗಳಿವೆ. ತರಗತಿ ಒಂದು ಗಳಿಗೆ ಮೌನವಾಯಿತು. ಅವನ ಮಾತನ್ನು ಬದಿಗೆ ಸರಿಸಿ ‘ಅದೆಲ್ಲ ಸಾಂಕೇತಿಕ, ಕೂತುಕೋ’ ಎಂದು ಹೇಳಬಹುದಿತ್ತು. ಹೇಳಲಿಲ್ಲ. ‘ಸರಿಯಪ್ಪ, ನಿನ್ನ ತಕರಾರು ವಚನದ ಯಾವ ಮಾತಿನ ಮೇಲೆ? ಬೆರಳಿಟ್ಟು ತೋರಿಸು’ ಎಂದೆ. ಅವನು ಪುಸ್ತಕ ನೋಡಿದ. ಬಹಳ ಹೊತ್ತು ನೋಡಿದ. ಕೊನೆಗೆ, ‘ಮಾಡಿ ಎನ್ನುವುದರ ಮೇಲೆ ಮೇಡಂ’ ಎಂದ. ‘ನಾವು ಅಲ್ಲಿ ಮನೆ ಮಾಡಿಕೊಂಡದ್ದಲ್ಲ. ಹುಟ್ಟಿದ್ದೇ ಅಲ್ಲಿ.’

ಅವನು ಕೂತ ಮೇಲೆ ನಾನು ಮತ್ತೊಮ್ಮೆ ವಚನ ಓದಿದೆ, ಮತ್ತು ಆವರೆಗೆ ನನಗೂ ಕಾಣದಿದ್ದದ್ದು ಕಂಡಿತು. ಮೊದಲ ಮೂರೂ ಕಡೆ ‘ಮನೆಯ ಮಾಡಿ’. ಅಂದರೆ ಆರಿಸಿಕೊಂಡ ಜಾಗ, ಕಟ್ಟಿಕೊಂಡ ಮನೆ. ಬೇಡವಾಗಿದ್ದರೆ ಬೇರೆ ಕಡೆ ಕಟ್ಟಬಹುದಿತ್ತು. ನಾಲ್ಕನೆಯ ಕಡೆ ಬರುವುದು ‘ಲೋಕದೊಳಗೆ ಹುಟ್ಟಿದ ಬಳಿಕ’. ಹುಟ್ಟನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಕಟ್ಟಿಕೊಂಡ ಮನೆಯ ಮೂರು ಉದಾಹರಣೆ ಕೊಟ್ಟು, ಕಟ್ಟಿಕೊಳ್ಳದ ಮನೆಗೂ ಅದೇ ನಿಯಮವನ್ನು ಅಕ್ಕ ಅನ್ವಯಿಸುತ್ತಾಳೆ. ಅಲ್ಲಿ ಒಂದು ಜಿಗಿತವಿದೆ. ಆ ಜಿಗಿತ ಸರಿಯೇ? ತಾನು ಆರಿಸಿಕೊಳ್ಳದ ಲೋಕಕ್ಕೆ ಹೆಣ್ಣೊಬ್ಬಳು ಹೀಗೆ ಹೊಣೆ ಹೊರಬೇಕೇ? ಅಥವಾ ಆರಿಸಿಕೊಳ್ಳದಿದ್ದರೂ ಆರಿಸಿಕೊಂಡವಳಂತೆ ಬದುಕುವುದೇ ಅವಳ ಸ್ವಾತಂತ್ರ್ಯವೇ? ಆ ಹುಡುಗ ಆ ವರ್ಷ ಬರೆದ ಉತ್ತರ ಈ ಪ್ರಶ್ನೆಯಿಂದಲೇ ಶುರುವಾಗಿತ್ತು. ಅಕ್ಕನ ಜೀವನಚರಿತ್ರೆಯನ್ನೂ ಬರೆದಿದ್ದ, ಆದರೆ ಎರಡೇ ವಾಕ್ಯ, ಅದೂ ‘ಸ್ತುತಿನಿಂದೆ’ ಎಂಬ ಪದದ ಹತ್ತಿರ, ಅದು ಬೇಕಾದ ಜಾಗದಲ್ಲಿ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಪದ್ಯದ ಬಗ್ಗೆ ಏನೇ ಹೇಳುವ ಮೊದಲು ‘ಈ ಮಾತನ್ನು ನನ್ನ ಬಾಯಿಂದ ಹೇಳಿಸಿದ್ದು ಪದ್ಯದ ಯಾವ ಪದ?’ ಎಂದು ಕೇಳಿಕೊಳ್ಳಿ. ಬೆರಳಿಡಲು ಒಂದು ಪದ ಸಿಕ್ಕರೆ ಬರೆಯಿರಿ. ಸಿಗದಿದ್ದರೆ ಆ ವಾಕ್ಯ ಎಲ್ಲೋ ಓದಿದ್ದು, ಯಾರಿಂದಲೋ ಕೇಳಿದ್ದು. ಇನ್ನೊಂದು ಪರೀಕ್ಷೆಯೂ ಇದೆ. ನೀವು ಬರೆದ ವಾಕ್ಯವನ್ನು ಎತ್ತಿ ಬೇರೊಬ್ಬ ಕವಿಯ ಪದ್ಯದ ಕೆಳಗೆ ಇಟ್ಟು ನೋಡಿ. ‘ಜೀವನದ ಮೌಲ್ಯಗಳನ್ನು ಸುಂದರವಾಗಿ ಹೇಳಿದ್ದಾಳೆ’ ಎಂಬುದು ಯಾವ ಪದ್ಯದ ಕೆಳಗೆ ಇಟ್ಟರೂ ಕೂರುತ್ತದೆ. ‘ಮೂರು ಮನೆಗಳನ್ನು ನಾವು ಕಟ್ಟಿಕೊಂಡೆವು, ನಾಲ್ಕನೆಯದರಲ್ಲಿ ಹುಟ್ಟಿದೆವು’ ಎಂಬುದು ಈ ವಚನದ ಕೆಳಗೆ ಮಾತ್ರ ಕೂರುತ್ತದೆ.

ಇದೇ ವಚನದಲ್ಲಿ ಇನ್ನೊಂದು ಪದವಿದೆ. ಅದರಲ್ಲಿ ಎಡವುವವರು ಬಹಳ. ‘ಕೋಪವ ತಾಳದೆ’. ಇಂದಿನ ಕನ್ನಡದಲ್ಲಿ ‘ನೋವು ತಾಳದೆ ಕಿರುಚಿದ’ ಎಂದರೆ ಸಹಿಸಲಾಗದೆ ಎಂದರ್ಥ. ಅದೇ ಅರ್ಥವನ್ನು ಇಲ್ಲಿಗೆ ತಂದರೆ ‘ಕೋಪವನ್ನು ತಡೆದುಕೊಳ್ಳಲಾಗದೆ ಸಮಾಧಾನಿಯಾಗಿರಬೇಕು’ ಎಂದಾಗುತ್ತದೆ. ಹೀಗೆಯೇ ಬರೆದ ಪತ್ರಿಕೆಗಳನ್ನು ನಾನು ನೋಡಿದ್ದೇನೆ. ತಡೆದುಕೊಳ್ಳಲಾಗದವನು ಸಮಾಧಾನಿ ಆಗುವುದು ಹೇಗೆ? ವಾಕ್ಯ ಒಂದಕ್ಕೊಂದು ಕೂಡುವುದಿಲ್ಲ. ಅರ್ಥ ಎಲ್ಲಿ ಕೂಡುವುದಿಲ್ಲವೋ ಅಲ್ಲಿ ನಿಲ್ಲಬೇಕು, ಹಾರಿ ಮುಂದಕ್ಕೆ ಹೋಗಬಾರದು. ಜನ್ಮ ತಾಳು, ರೂಪ ತಾಳು, ನಿಲುವು ತಾಳು ಎನ್ನುತ್ತೇವಲ್ಲ, ಆ ‘ತಾಳು’ ಇದು. ಕೋಪವನ್ನು ತಂದುಕೊಳ್ಳದೆ, ಕೋಪದ ರೂಪಕ್ಕೆ ಬಾರದೆ ಎಂದರ್ಥ. ಈಗ ನೋಡಿ, ಮಾತಿನ ತೂಕವೇ ಬೇರೆಯಾಯಿತು. ಬಂದ ಕೋಪವನ್ನು ಅದುಮಿಡು ಎಂದು ಅಕ್ಕ ಹೇಳುತ್ತಿಲ್ಲ, ಕೋಪ ಮೈದಾಳದಂತೆ ಇರು ಎನ್ನುತ್ತಾಳೆ. ಸ್ತುತಿನಿಂದೆ ಎಂದು ಎರಡನ್ನೂ ಜೋಡಿಸಿರುವುದನ್ನೂ ಗಮನಿಸಿ. ನಿಂದೆಗೆ ಕೋಪ ಬರುವುದು ಸಹಜ, ಸ್ತುತಿಗೆ ಏಕೆ? ಇದಕ್ಕೆ ನಾನು ಉತ್ತರ ಕೊಡುವುದಿಲ್ಲ. ನಿಮ್ಮ ಉತ್ತರ ಪತ್ರಿಕೆಯಲ್ಲಿ ಒಂದು ಪ್ಯಾರಾ ಅದಕ್ಕೆ ಮೀಸಲಿಡಿ.

ಪದದ ಮೇಲೆ ಇಷ್ಟು ಹೊತ್ತು ನಿಲ್ಲುವುದು ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಅಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಶಾಸನದಲ್ಲಿ ಇರುವುದು 16 ಸಾಲು. ಆ 16 ಸಾಲಿನ ಒಂದೊಂದು ರೂಪಕ್ಕೂ ವಿದ್ವಾಂಸರು ದಶಕಗಳ ಕಾಲ ತಲೆ ಕೊಟ್ಟಿದ್ದಾರೆ. ನೀವು ಒಂಬತ್ತು ಸಾಲಿನ ವಚನಕ್ಕೆ ಅರ್ಧ ಗಂಟೆ ಕೊಡುವುದು ಹೆಚ್ಚೇನಲ್ಲ.

ಕವಿಯ ಹೆಸರನ್ನು ಮುಚ್ಚಿ ಓದುವ ಒಂದು ಅಭ್ಯಾಸವಿದೆ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಕೇಂಬ್ರಿಜ್‌ನ ಐ.ಎ. ರಿಚರ್ಡ್ಸ್ ಎಂಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗೆ ಕವಿಯ ಹೆಸರು, ಕಾಲ ಏನನ್ನೂ ತಿಳಿಸದೆ ಪದ್ಯಗಳನ್ನು ಕೊಟ್ಟು ಅನಿಸಿದ್ದನ್ನು ಬರೆಯಿರಿ ಎಂದರು. ಹಾಗೆ ಬಂದ ಬರಹಗಳನ್ನು ಪರಿಶೀಲಿಸಿ 1929ರಲ್ಲಿ ಪುಸ್ತಕ ತಂದರು. ನಾವು ಕನ್ನಡದಲ್ಲಿ ಪ್ರಾಯೋಗಿಕ ವಿಮರ್ಶೆ ಎನ್ನುವುದಕ್ಕೆ ಹೆಸರು ಬಂದದ್ದು ಅಲ್ಲಿಂದ. ಅಷ್ಟು ಓದಿಕೊಂಡ ವಿದ್ಯಾರ್ಥಿಗಳೂ ಸರಳ ಅರ್ಥದಲ್ಲೇ ತಪ್ಪಿದ್ದರು. ಪದ್ಯವನ್ನು ಓದುವ ಬದಲು ತಲೆಯಲ್ಲಿ ಮೊದಲೇ ಸಿದ್ಧವಾಗಿದ್ದ ಭಾವನೆಯನ್ನು ಅದರ ಮೇಲೆ ಹೊದಿಸಿದ್ದರು. ತಾಯಿ ಎಂಬ ಪದ ಕಂಡ ಕೂಡಲೇ ತ್ಯಾಗ, ಮಳೆ ಎಂದ ಕೂಡಲೇ ಹರ್ಷ ಎಂದು ನಾವು ಬರೆಯುವುದಿಲ್ಲವೇ? ಹಾಗೆಯೇ ಇದು. ಈ ಅಭ್ಯಾಸವನ್ನು ನೀವು ವಾರಕ್ಕೊಮ್ಮೆ ಮಾಡಬಹುದು. ಗೆಳತಿಯೊಬ್ಬಳು ನಿಮಗೆ ಗೊತ್ತಿರದ ಪದ್ಯವನ್ನು ಹೆಸರು ಬಿಟ್ಟು ಬರೆದುಕೊಡಲಿ, ನೀವು ಅವಳಿಗೆ ಒಂದನ್ನು ಕೊಡಿ. ಆದರೆ ಈ ವಿಧಾನ ನಮ್ಮ ವಚನಗಳಿಗೆ ಪೂರ್ತಿ ಹೊಂದುವುದಿಲ್ಲ ಎಂದು ನನ್ನ ಅಭಿಪ್ರಾಯ. ಅಂಕಿತವೇ ಒಳಗೆ ಕೂತಿರುವಾಗ ಹೆಸರನ್ನು ಮುಚ್ಚುವುದು ಹೇಗೆ? ‘ಚೆನ್ನಮಲ್ಲಿಕಾರ್ಜುನದೇವಾ’ ಎಂಬುದು ಸಹಿ ಮಾತ್ರವಲ್ಲ, ಅದು ವಚನದ ಒಂದು ಮಾತು. ಅದನ್ನೂ ಓದಬೇಕು.

ಈಗ ಛಂದಸ್ಸಿಗೆ ಬರುತ್ತೇನೆ, ಏಕೆಂದರೆ ಹಳೆಗನ್ನಡದ ಪ್ರಶ್ನೆ ಬಂದಾಗ ಅಲ್ಲಿ ದೊಡ್ಡ ಬಂಡವಾಳ ವ್ಯರ್ಥವಾಗುತ್ತದೆ. ‘ಈ ಪದ್ಯವು ಕಂದದಲ್ಲಿದೆ’ ಎಂದು ಬರೆದು, ಆ ಛಂದಸ್ಸಿನ ಲಕ್ಷಣ ಹೇಳಿ, ಲಘು ಗುರು ಗುರುತಿಸಿ ಪ್ರಸ್ತಾರ ಹಾಕಿ, ಗೆರೆ ಎಳೆದು ಮುಂದಕ್ಕೆ ಹೋಗುತ್ತೀರಿ. ಪ್ರಸ್ತಾರ ಹಾಕಲು ಬರುವುದು ಒಂದು ಶಕ್ತಿ. ಅದನ್ನು ಅರ್ಥಕ್ಕೆ ಜೋಡಿಸದಿದ್ದರೆ ಅದು ಲೆಕ್ಕವಾಗಿ ಉಳಿಯುತ್ತದೆ.

ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನನ ಯಶೋಧರ ಚರಿತೆ 1209ರದು. ರಾಣಿ ಅಮೃತಮತಿ ಮಾವುತ ಅಷ್ಟಾವಂಕನಿಗೆ ಮನಸೋತ ಪ್ರಸಂಗವನ್ನು ನೆನೆದಾಗಲೆಲ್ಲ ನಾವು ಹೇಳುವ ಸಾಲು ನಿಮಗೆ ಗೊತ್ತು:

‘ಮನಸಿಜನ ಮಾಯೆ ವಿಧಿವಿಳ-
ಸನದ ನೆರಂಬಡೆಯೆ ಕೊಂದು ಕೂಗದೆ ನರರಂ’

ಮನ್ಮಥನ ಮಾಯೆಗೆ ವಿಧಿಯಾಟದ ನೆರವೂ ಸಿಕ್ಕಿಬಿಟ್ಟರೆ ಅದು ಮನುಷ್ಯರನ್ನು ಕೊಂದು ಕೂಗದೆ ಇರುತ್ತದೆಯೇ? ಮೊದಲ ಸಾಲನ್ನು ನಾಲ್ಕು ಮಾತ್ರೆಗಳ ಗಣಗಳಾಗಿ ಬಿಡಿಸಿ: ಮನಸಿಜ, ನಮಾಯೆ, ವಿಧಿವಿಳ. ಮೂರು ಗಣ, 12 ಮಾತ್ರೆ. ಎರಡನೆಯದು: ಸನದನೆ, ರಂಬಡೆ, ಯೆಕೊಂದು, ಕೂಗದೆ, ನರರಂ. ಐದು ಗಣ, 20 ಮಾತ್ರೆ. ಇಷ್ಟು ಎಲ್ಲರೂ ಹಾಕುತ್ತೀರಿ. ಇನ್ನು ಎರಡು ಹೆಜ್ಜೆ ಮುಂದೆ ಬನ್ನಿ. ‘ವಿಳಸನ’ ಎಂಬ ಪದ ಸಾಲಿನ ಕೊನೆಯಲ್ಲಿ ಒಡೆದು ಮುಂದಿನ ಸಾಲಿಗೆ ಬಿದ್ದಿದೆ. ಓದುವವನಿಗೆ ಅಲ್ಲಿ ನಿಲ್ಲಲು ತಾವಿಲ್ಲ, ವಿಧಿ ಅವನನ್ನು ಎಳೆದುಕೊಂಡೇ ಹೋಗುತ್ತದೆ. ಮೊದಲ ಗಣದಲ್ಲಿ ನಾಲ್ಕೂ ಲಘು, ಮೂರನೆಯದರಲ್ಲಿ ನಾಲ್ಕೂ ಲಘು, ಸಾಲು ದಾಟಿದ ಕೂಡಲೆ ‘ಸನದನೆ’ ಮತ್ತೆ ನಾಲ್ಕೂ ಲಘು. ಹೀಗೆ ತೇಲಿಕೊಂಡು ಬಂದ ಮಾತು ‘ಕೊಂದು ಕೂಗದೆ’ ಎಂಬಲ್ಲಿ ಕೊಂ, ಕೂ ಎಂಬ ಎರಡು ಗುರುಗಳ ಮೇಲೆ ಕುಟ್ಟಿ ನಿಲ್ಲುತ್ತದೆ. ಎರಡೂ ಕಕಾರ. ಎರಡು ಪೆಟ್ಟು. ಕೊಲ್ಲುವುದು ಒಂದು ಪೆಟ್ಟು, ಕೊಂದ ಮೇಲೆ ಗೆದ್ದೆನೆಂದು ಕೂಗುವುದು ಎರಡನೆಯ ಪೆಟ್ಟು. ‘ಕಾಮ ಕೆಟ್ಟದ್ದೆಂದು ಕವಿ ಹೇಳಿದ್ದಾನೆ’ ಎಂದು ಬರೆದವರಿಗೆ ಈ ‘ಕೂಗು’ ಕೇಳಿಸಿಲ್ಲ.

ಕೊನೆಯ ಪದವನ್ನೂ ಬಿಡಬೇಡಿ. ‘ನರರಂ’. ಜನ್ನ ಇಲ್ಲಿ ‘ನಾರಿಯರಂ’ ಎಂದಿಲ್ಲ. ಅಮೃತಮತಿಯ ಕಥೆಯಿಂದ ಹೆಣ್ಣಿನ ಚಂಚಲತೆಯ ಬಗ್ಗೆ ಪುಟಗಟ್ಟಲೆ ಬರೆಯುವವರಿಗೆ ಈ ಒಂದು ಪದ ಅಡ್ಡ ನಿಲ್ಲುತ್ತದೆ. ಮಾಯೆ ಮನಸಿಜನದು, ನೆರವು ವಿಧಿಯದು, ಸಾಯುವವರು ಮನುಷ್ಯರು. ಕಾವ್ಯದ ಇತರ ಕಡೆಗಳಲ್ಲಿ ಅಮೃತಮತಿಯ ಮೇಲೆ ಬರುವ ಮಾತುಗಳು ಬೇರೆಯಿರಬಹುದು, ಅವುಗಳನ್ನೂ ಎದುರಿಗಿಟ್ಟು ವಾದಿಸಿ. ಆದರೆ ಈ ಸಾಲನ್ನು ಉಲ್ಲೇಖಿಸಿ ಹೆಣ್ಣನ್ನು ಮಾತ್ರ ದೂರಿದರೆ ನಿಮ್ಮ ಸಾಕ್ಷಿಯೇ ನಿಮ್ಮ ವಿರುದ್ಧ ಮಾತಾಡುತ್ತದೆ.

ಉಲ್ಲೇಖದ ಮಾತು ಬಂತು. ನಿಮ್ಮಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯವರಿದ್ದೀರಿ, ಕಾಫಿ ಕೊಯ್ಲು ನೋಡಿದವರು. ಅರೇಬಿಕಾ ಗಿಡದಲ್ಲಿ ಕಾಯಿ, ಅರೆಹಣ್ಣು, ಹಣ್ಣು ಒಂದೇ ರೆಂಬೆಯಲ್ಲಿರುತ್ತವೆ. ಕೈಪಳಗಿದ ಹೆಂಗಸರು ಕೆಂಪಗಾದದ್ದನ್ನು ಮಾತ್ರ ಬಿಡಿಸಿಕೊಂಡು ಉಳಿದದ್ದನ್ನು ಮುಂದಿನ ಸುತ್ತಿಗೆ ಬಿಡುತ್ತಾರೆ. ಉತ್ತರದಲ್ಲಿ ಉಲ್ಲೇಖವೂ ಹಾಗೆ. ಇಡೀ ಪದ್ಯವನ್ನು ಬಾಚಿ ಇಳಿಸಬೇಡಿ. ‘ನಾಚಿದೊಡೆ’ ಎಂಬ ಒಂದು ಪದ ಸಾಕಾಗುವ ಕಡೆ ಒಂಬತ್ತು ಸಾಲು ಬರೆದರೆ ನಿಮ್ಮ ಸಮಯವೂ ಹೋಯಿತು, ಓದುವವರ ಕಣ್ಣು ಆ ಪದವನ್ನೂ ತಪ್ಪಿಸಿಕೊಂಡಿತು. ಉಲ್ಲೇಖಿಸಿದ ಮೇಲೆ ಅದರ ಬಗ್ಗೆ ಕನಿಷ್ಠ ಎರಡು ವಾಕ್ಯ ಬರೆಯದೆ ಮುಂದಕ್ಕೆ ಹೋಗಬಾರದು.

ಸಿದ್ಧತೆ ಎಂದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಪುಟದಲ್ಲಿ ಪದ್ಯವನ್ನು ಕೈಯಾರೆ ಬರೆಯಿರಿ, ಫೋಟೊ ಹೊಡೆದು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ. ಕೈ ಬರೆಯುವಾಗ ಕಣ್ಣು ಕಾಣದ್ದು ಕಾಣುತ್ತದೆ. ಹಳೆಗನ್ನಡವಾದರೆ ಪದಗಳನ್ನು ಬಿಡಿಸಿ, ಅನ್ವಯ ಮಾಡಿ, ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡಿ. ಗೊತ್ತಿದೆ ಎಂದು ತೋರುವ ಪದಕ್ಕೂ ನೋಡಿ, ‘ತಾಳದೆ’ ನೆನಪಿರಲಿ. ಬಲಗಡೆ ಪುಟದಲ್ಲಿ ಉತ್ತರ ಬೇಡ, ಪ್ರಶ್ನೆಗಳನ್ನು ಮಾತ್ರ ಬರೆಯಿರಿ: ಇಲ್ಲಿ ಏಕೆ ಈ ಪದ, ಇಲ್ಲಿ ಏಕೆ ಮತ್ತೆ ಅದೇ ಪದ, ಯಾರು ಯಾರಿಗೆ ಹೇಳುತ್ತಿದ್ದಾರೆ, ಎಲ್ಲಿ ಧಾಟಿ ತಿರುಗಿತು. ಒಂದು ದಿನ ಬಿಟ್ಟು ಮರಳಿ ತೆರೆಯಿರಿ. ಆ ಪ್ರಶ್ನೆಗಳಲ್ಲಿ ಒಂದು ನಿಮ್ಮನ್ನು ಬಿಡದೆ ಕಾಡುತ್ತಿರುತ್ತದೆ. ಅದೇ ನಿಮ್ಮ ಪ್ರಬಂಧ. ಉಳಿದವುಗಳಲ್ಲಿ ಅದಕ್ಕೆ ಒದಗುವುದನ್ನು ಇಟ್ಟುಕೊಂಡು ಒದಗದ್ದನ್ನು, ಎಷ್ಟೇ ಚೆನ್ನಾಗಿದ್ದರೂ, ಬಿಟ್ಟುಬಿಡಿ. ಬಿಡುವುದು ಕಷ್ಟ, ಗೊತ್ತು.

ಪರೀಕ್ಷೆಯ ಕೊಠಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪದ್ಯದ ಪ್ರಶ್ನೆಗೆ ಅರ್ಧ ಗಂಟೆ ಇದ್ದರೆ ಮೊದಲ ಏಳೆಂಟು ನಿಮಿಷ ಉತ್ತರ ಬರೆಯಬೇಡಿ. ಪಕ್ಕದವರ ಪೆನ್ನು ಓಡುತ್ತಿರುತ್ತದೆ, ಓಡಲಿ. ಪ್ರಶ್ನೆಯ ಕ್ರಿಯಾಪದ ನೋಡಿ. ಸಾರಾಂಶ ಬರೆಯಿರಿ ಎಂಬುದು ಬೇರೆ, ವಿಶ್ಲೇಷಿಸಿ ಎಂಬುದು ಬೇರೆ, ಸ್ವಾರಸ್ಯ ವಿವರಿಸಿ ಎಂಬುದು ಬೇರೆ. ಪೀಠಿಕೆಯಲ್ಲಿ ನಿಮ್ಮ ವಾದವನ್ನು ಹೇಳಿಬಿಡಿ, ಕೊನೆಯವರೆಗೆ ಬಚ್ಚಿಡಬೇಡಿ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಗೆ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳುವ ಯೋಚನೆಯಿರುವವರು ಇಲ್ಲಿದ್ದೀರಿ. ಅಲ್ಲಿ ಎರಡು ಪತ್ರಿಕೆ, ತಲಾ 250 ಅಂಕ, ಮೂರು ಮೂರು ಗಂಟೆ. ಬರೆಯಬೇಕಾದದ್ದು ಬಹಳ, ಸಮಯ ಕಡಿಮೆ. ಈ ನೋಟ್‌ಬುಕ್ ಈಗಿನಿಂದ ತುಂಬಿಸಿಕೊಂಡವರಿಗೆ ಅಲ್ಲಿ ಉಸಿರಾಡಲು ಬಿಡುವು ಸಿಗುತ್ತದೆ.

ಇಷ್ಟಕ್ಕೆ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಎಂದೆ. ಮೊದಲು ಎದ್ದವಳು ಎರಡನೆಯ ಸಾಲಿನ ಹುಡುಗಿ.

‘ಮೇಡಂ, ಮೌಲ್ಯಮಾಪಕರು ಗೈಡಿನ ಉತ್ತರವನ್ನೇ ನಿರೀಕ್ಷಿಸಿದರೆ ನಾವು ಏನು ಮಾಡಬೇಕು? ಸ್ವಂತ ಮಾತು ಬರೆದು ಅಂಕ ಹೋದರೆ?’

ಇದು ನ್ಯಾಯವಾದ ಭಯ. ಅಂಥ ಮೌಲ್ಯಮಾಪನ ನಡೆಯುವುದಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಮಾದರಿ ಉತ್ತರದಲ್ಲಿ ಇರುವ ಅಂಶಗಳನ್ನು ಎಣಿಸಿ ಅಂಕ ಕೊಡುವ ಪದ್ಧತಿ ಇದೆ, ಕಟ್ಟುಗಳು ಹೆಚ್ಚು, ದಿನಗಳು ಕಡಿಮೆ. ಆದ್ದರಿಂದ ಕವಿ, ಕಾಲ, ಕೃತಿ, ಸಂದರ್ಭವನ್ನು ಎರಡು ಮೂರು ವಾಕ್ಯದಲ್ಲಿ ತಪ್ಪಿಲ್ಲದೆ ಬರೆಯಿರಿ. ಪದ್ಯದ ನೇರ ಅರ್ಥವೂ ಸ್ಪಷ್ಟವಾಗಿ ಬರಲಿ. ಅದು ನಿಮಗೆ ಕಾಪು. ಅದಾದ ಮೇಲೆ ಉಳಿದ ಜಾಗವೆಲ್ಲ ನಿಮ್ಮ ಓದಿನದು. ಬೆಳಗಿನಿಂದ ಒಂದೇ ಉತ್ತರವನ್ನು ಓದಿ ದಣಿದ ಮೇಷ್ಟ್ರಿಗೆ, ಪದ್ಯದ ಒಂದು ಪದವನ್ನು ಹಿಡಿದು ನಿಂತ ಉತ್ತರ ಸಿಕ್ಕಾಗ ಎಷ್ಟು ಸಂತೋಷವಾಗುತ್ತದೆ ಎಂಬುದು ನಿಮಗೆ ಗೊತ್ತಿಲ್ಲ. ನಾನು ಅಂಥ ಪತ್ರಿಕೆಯನ್ನು ಪಕ್ಕದವರಿಗೆ ಕೊಟ್ಟು ಓದಿಸಿದ್ದೇನೆ.

ಇನ್ನೊಬ್ಬರು ಕಾವ್ಯಮೀಮಾಂಸೆಯ ಬಗ್ಗೆ ಕೇಳಿದರು. ರಸ, ಧ್ವನಿ, ವಕ್ರೋಕ್ತಿ, ಔಚಿತ್ಯ ಇವುಗಳನ್ನು ಉತ್ತರದಲ್ಲಿ ತರಬೇಕೇ ಎಂದು. ತನ್ನಿ, ಪದ್ಯ ಅದನ್ನು ಕರೆದಾಗ. ಸಂತೆಯ ‘ಶಬ್ದ’ ಎಂಬುದು ಜನಾಪವಾದವನ್ನು ಸೂಚಿಸುತ್ತದೆ ಎಂದು ತೋರಿಸಿಕೊಟ್ಟು, ಆಮೇಲೆ ಇದನ್ನೇ ಆನಂದವರ್ಧನ ಧ್ವನಿ ಎಂದ ಎಂದು ಬರೆದರೆ ಆ ಹೆಸರು ಬೆಳಗುತ್ತದೆ. ಹೆಸರನ್ನು ಮೊದಲು ಬರೆದು ಪದ್ಯವನ್ನು ಅದರ ಉದಾಹರಣೆ ಮಾಡಿದರೆ ಪದ್ಯ ಆಳಾಗುತ್ತದೆ.

ಕೊನೆಯ ಬೆಂಚಿನಲ್ಲಿ ಅಷ್ಟು ಹೊತ್ತೂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ಪ್ರಶ್ನೆ ಅಲ್ಲ, ಒಂದು ಅನುಮಾನ ಎಂದಳು.

‘ಹೇಳಮ್ಮ.’

‘ಅಕ್ಕ ಲೋಕಕ್ಕೆ ಉಪದೇಶ ಮಾಡಿದ್ದಾಳೆ ಎಂದು ಎಲ್ಲ ಕಡೆ ಇದೆ ಮೇಡಂ. ಆದರೆ ವಚನದಲ್ಲಿ ಕೇಳಯ್ಯಾ ಎಂದು ಕರೆದದ್ದು ಚೆನ್ನಮಲ್ಲಿಕಾರ್ಜುನನನ್ನು. ಸಮಾಧಾನಿಯಾಗಿರಬೇಕು ಎಂದು ದೇವರಿಗೆ ಹೇಳುವುದಿಲ್ಲವಲ್ಲ. ಇರಬೇಕು ಎಂಬುದಕ್ಕೆ ಯಾರು ಎಂಬುದೇ ಇಲ್ಲ. ಹಾಗಾದರೆ ಅವಳು ತನಗೆ ತಾನೇ ಹೇಳಿಕೊಳ್ಳುತ್ತಾ, ಅವನನ್ನು ಸಾಕ್ಷಿಗೆ ಕರೆದಿದ್ದಾಳೆಯೇ?’

ನಾನು ಪುಸ್ತಕ ತೆಗೆದು ಮತ್ತೆ ನೋಡಿದೆ. ಇಷ್ಟು ವರ್ಷ ಪಾಠ ಹೇಳಿದ ವಚನದಲ್ಲಿ ‘ಇರಬೇಕು’ ಎಂಬ ಮಾತಿಗೆ ಕರ್ತೃವಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ. ಅವಳನ್ನು ಮುಂದಕ್ಕೆ ಕರೆದು ಸೀಮೆಸುಣ್ಣ ಕೊಟ್ಟೆ. ಹಲಗೆಯ ಮೇಲೆ ಅವಳು ವಚನದ ಕೊನೆಯ ಮೂರು ಸಾಲು ಬರೆದು ‘ಕೇಳಯ್ಯಾ’ದ ಕೆಳಗೆ ಒಂದು ಗೆರೆ, ‘ಇರಬೇಕು’ವಿನ ಕೆಳಗೆ ಒಂದು ಗೆರೆ ಎಳೆದಳು. ಉಳಿದವರೆಲ್ಲ ನೋಟ್‌ಬುಕ್ಕಿನ ಬಲಗಡೆ ಪುಟ ತೆರೆದುಕೊಂಡರು.